ಸ್ಟೋರಿನ ಹಿಂದಿನ ಗೋಡೆ

"ಇದಕ್ಕೆ ತೊಳೆದದ್ದು ಅಂತಾರೇನಮ್ಮಾ?" ಫಿಲಿಪ್ ಜೀಪಿನೊಳಗಿಂದಲೇ ಕೇಳಿದರು. "ನಮ್ಮ ಕೊಟ್ಟಿಗೆ ದನ ಇದಕ್ಕಿಂತ ಚೆನ್ನಾಗಿ ನೆಕ್ತಿತ್ತು."

ನಯನಾ ಮುಖದ ಮಾಸ್ಕ್ ತೆಗೆಯದೆ, ಕೈಯಲ್ಲಿ ಪೈಪು ಹಿಡಿದುಕೊಂಡೇ ನಿಂತಿದ್ದಳು. ಆಲೂರಿನಿಂದ ಬಂದು ಗೋಡೆ ತೊಳೆದು ಕೊಡುವ ಹುಡುಗಿ. ಕಾಫಿ ಸ್ಟೋರಿನ ಹಿಂಬದಿಯ ಗೋಡೆ ಮೊನ್ನೆಯವರೆಗೆ ಪಾಚಿ ಕಟ್ಟಿ ಕರ್ರಗಿತ್ತು. ಈಗ ಬೆಳ್ಳಗಾಗಿತ್ತು, ಆದರೆ ಪೂರ್ತಿಯಾಗಿ ಅಲ್ಲ. ಕಿಟಕಿಯ ಕೆಳಗಿನಿಂದ ಶುರುವಾಗಿ, ನೆಲ ಮುಟ್ಟುವಷ್ಟರಲ್ಲಿ ಎರಡಾಳು ಅಗಲವಾಗಿ, ಒಂದು ಹಸಿರು ಕಲೆ ಹಾಗೇ ಉಳಿದಿತ್ತು.

ಹೆಗ್ಗದ್ದೆಯ ಈ ಎಸ್ಟೇಟಿನಲ್ಲಿ ಭಾನುವಾರ ದೊಡ್ಡ ಊಟ. ನೂರು ಜನ ನೆಂಟರು, ಸುತ್ತಲಿನ ಪ್ಲಾಂಟರುಗಳು. ಅವರೆಲ್ಲರ ಎದುರಿಗೆ ಫಿಲಿಪ್ ಎಸ್ಟೇಟನ್ನು ಮಗ ನೈಜಲ್‌ಗೆ ಒಪ್ಪಿಸುವವರಿದ್ದರು. ಪತ್ರಗಳು ಸಿದ್ಧವಾಗಿದ್ದವು, ಸಹಿಯೊಂದೇ ಬಾಕಿ. ಕಾರು ನಿಲ್ಲಿಸಲು ಜಾಗ ಬೇಕೆಂದು ಲಂಟಾನ ಪೊದೆ ಕಡಿಸಿದ ಮೇಲೆಯೇ, ಸ್ಟೋರಿಗೆ ಹಿಂದೊಂದು ಗೋಡೆಯೂ ಇದೆಯೆಂಬುದು ಅವರಿಗೆ ನೆನಪಾದದ್ದು.

ಫಿಲಿಪ್ಪರಿಗೆ ಜೀಪಿನಿಂದ ಇಳಿಯುವ ಅಭ್ಯಾಸವಿರಲಿಲ್ಲ. ಮೂವತ್ತು ವರ್ಷ ತೋಟವನ್ನು ಸ್ಟೀರಿಂಗ್ ಹಿಂದೆ ಕೂತೇ ಆಳಿದವರು. ಆಳಿನ ಮುಖ ನೋಡಿ ಮಾತಾಡಿದರೆ ಆಳಿಗೆ ಸದರವಾಗುತ್ತದೆ ಎಂಬುದು ಅವರ ಸಿದ್ಧಾಂತ. ಇಂಥ ಸಿದ್ಧಾಂತಗಳಿಗೆ ಖರ್ಚಿಲ್ಲ, ಅದಕ್ಕೇ ಬಲು ಬಾಳಿಕೆ ಬರುತ್ತವೆ.

"ಕಾಫಿ ಹಣ್ಣು ಸುಲಿಯೋ ಪಲ್ಪರ್ ತೊಳೆಯೋ ಪಂಪಲ್ಲಿ ಜೋರಾಗಿ ಹೊಡೆದಿದ್ರೆ ಅರ್ಧ ಗಂಟೆ ಕೆಲಸ. ಎರಡು ದಿನದಿಂದ ಚಿಮುಕಿಸ್ತಾ ಇದ್ದೀಯ, ಹಸುಗೂಸಿಗೆ ನೀರು ಹಾಕೋ ಹಾಗೆ."

"ಹಳೇ ಸುಣ್ಣದ ಗಾರೆ ಸಾರ್. ಜೋರಾಗಿ ಹೊಡುದ್ರೆ ಗೋಡೆನೇ ಕಿತ್ಕೊಂಡ್ ಬತ್ತದೆ. ಬ್ಲೀಚಿಂಗ್ ನೀರನ್ನ ಕೆಳಗಿಂದ ಮೇಲಕ್ಕೆ ಹೊಡ್ದು, ಕಾಲು ಗಂಟೆ ಬುಟ್ಟು, ಮೆಲ್ಲಗೆ ತೊಳೀಬೇಕು. ಪಾಚಿ ಆಗಿದ್ರೆ ಬೇರು ಸಮೇತ ಹೋಗ್ತದೆ."

"ಹೋಗಿಲ್ವಲ್ಲ!"

"ಅದನ್ನೇ ನಾನೂ ಹೇಳ್ತಿರೋದು ಸಾರ್. ಮೂರು ಸಲ ಹೊಡ್ದೆ. ನೀವು ಒಂದ್ಸಲ ಇಳ್ದು ನೋಡಿ."

ಫಿಲಿಪ್ ಇಳಿಯಲಿಲ್ಲ. ಪಕ್ಕದ ಸೀಟಿನಲ್ಲಿ ಮೊಬೈಲ್ ನೋಡುತ್ತಿದ್ದ ನೈಜಲ್ ಬಾಯಿ ಹಾಕಿದ. "ಬಿಡಿ ಡ್ಯಾಡಿ. ಅದರ ಮೇಲೆ ಎರಡು ಕೋಟ್ ಪೇಂಟ್ ಹೊಡೆಸಿದ್ರೆ ಮುಗೀತು. ಪೊದೆ ಕಡಿಸೋದೇ ಬೇಡ ಅಂತ ನಾನು ಆವತ್ತೇ ಹೇಳಿದ್ದೆ."

ಮಗನ ವಿವೇಕಕ್ಕೆ ಫಿಲಿಪ್ ತಲೆದೂಗಿದರು. ಇಷ್ಟು ವಯಸ್ಸಿಗೇ ಎಷ್ಟು ದೂರದ ಯೋಚನೆ!

"ನಿನ್ನಂಥ ಕೆಲಸಗಳ್ಳರನ್ನ ಬೇಕಾದಷ್ಟು ನೋಡಿದ್ದೀನಿ," ಎಂದು ಅವರು ನಯನಾಳಿಗೆ ಶುರು ಮಾಡಿದರು. "ಎರಡು ವರ್ಷದ ಹಿಂದೆ ಇಲ್ಲೊಬ್ಬ ವೀರಯ್ಯ ಅಂತ ಇದ್ದ. ಮಳೆ ಹಿಡಿಯೋಕೆ ಮುಂಚೆ ಮೆಣಸಿನ ಬಳ್ಳಿಗೆ ಔಷಧಿ ಹೊಡಿ ಅಂದ್ರೆ, ಕುಡಿದು ಬಿದ್ಕೊಂಡ. ನಾನೂರು ಬಳ್ಳಿ ಸೊರಗಿ ಸತ್ತವು. ನಮ್ಮ ನೈಜಲ್ ಹಿಡಿದುಕೊಟ್ಟ. ಅವತ್ತೇ ಆಳುಗಳ ಲೈನ್ ಮನೆಯಿಂದ ಪಾತ್ರೆ ಪಡಗ ಸಮೇತ ಆಚೆ ಹಾಕಿಸ್ದೆ."

"ಅವ್ರು ಏನೂ ಹೇಳ್ಲಿಲ್ವಾ ಸಾರ್?"

"ಏನೇನೋ ಒದರಿದ. ಕುಡುಕನ ಮಾತು ಕೇಳೋಕೆ ಯಾರಿಗೆ ಪುರುಸೊತ್ತು?"

ನಯನಾ ಪೈಪನ್ನು ನೆಲಕ್ಕೆ ಇಟ್ಟಳು. "ಪೇಂಟ್ ಬೇಕಾದ್ರೆ ಬೇರೆಯವ್ರ ಕೈಲಿ ಹೊಡುಸ್ಕೊಳ್ಳಿ. ಕಲೆ ಏನೂಂತ ನೋಡ್ದೆ ಮುಚ್ಚೋ ಕೆಲ್ಸ ನಾನ್ ಮಾಡಾಕಿಲ್ಲ."

ಹೆಣ್ಣು ಆಳೊಬ್ಬಳು ಹೀಗೆ ಎದುರಾಡಿದ್ದನ್ನು ಫಿಲಿಪ್ ಈ ಜನ್ಮದಲ್ಲಿ ಕೇಳಿರಲಿಲ್ಲ. ಅವಳಿಗೆ ಬುದ್ಧಿ ಕಲಿಸಲೆಂದೇ ಅವರು ಜೀಪಿನಿಂದ ಇಳಿದರು. "ಡ್ಯಾಡಿ, ಅಲ್ಲೆಲ್ಲ ಕೆಸರು," ಎಂದು ನೈಜಲ್ ಕೂಗಿದ. ಫಿಲಿಪ್ ಕೆಸರು ತುಳಿದುಕೊಂಡೇ ಹೋಗಿ ಕಲೆಯನ್ನು ಉಗುರಿನಿಂದ ಕೆರೆದರು.

ಬಿಸಿಲು ಮಳೆಗೆ ಹಸಿರು ತಿರುಗಿದ್ದ ಮೇಲ್ಪದರ ಕಿತ್ತುಬಂತು. ಕೆಳಗೆ ಅಚ್ಚ ನೀಲಿ. ಬೆರಳಿನ ಮೇಲೆ ನೀಲಿ ಹುಡಿ ಕೂತಿತು.

ಪ್ಲಾಂಟರಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಕಲಸುವ ಔಷಧಿ. ಮೆಣಸಿನ ಬಳ್ಳಿ ಉಳಿಯುವುದೇ ಅದರಿಂದ. ಕಲಸಿದ ದಿನವೇ ಹೊಡೆಯಬೇಕು, ಇಟ್ಟರೆ ಕೆಟ್ಟಿತು.

"ಒಂದೆರಡು ಚೊಂಬಲ್ಲ ಸಾರ್," ನಯನಾ ಮೇಲಕ್ಕೆ ಕೈ ತೋರಿಸಿದಳು. "ಡ್ರಮ್ಮುಗಟ್ಲೆ. ಆ ಔಷಧಿ ರೂಮಿನ ಕಿಟಕಿಯಿಂದ ಸುರ್ದವ್ರೆ."

ಫಿಲಿಪ್ಪರ ಮೈ ಉರಿದುಹೋಯಿತು. ನಾನೂರು ಬಳ್ಳಿಯ ಜೀವ ಗೋಡೆಯ ಮೇಲೆ ಹರಿದಿತ್ತು! "ಆ ವೀರಯ್ಯನೇ! ಹೊಡೆಯೋಕೆ ಸೋಮಾರಿತನ, ಸ್ಟೋರಿಗೆ ನುಗ್ಗಿ ಚೆಲ್ಲಿದ್ದಾನೆ!"

"ಔಷಧಿ ರೂಮಿಗೆ ಹೆಂಗೆ ನುಗ್ತಾರೆ ಸಾರ್?"

"ಹೆಂಗೆ ಅಂದ್ರೆ? ಆ ರೂಮಿನ ಬೀಗದ ಕೈಯನ್ನ ಒಬ್ಬ ಆಳಿನ ಕೈಗೂ ನಾನು ಕೊಟ್ಟೋನಲ್ಲ! ಇಂಥ ಜನಾನ ನಂಬೋಕಾಗುತ್ತಾ? ಮೂವತ್ತು ವರ್ಷದಲ್ಲಿ ಅದನ್ನ ಮುಟ್ಟಿರೋದು ನಾನೊಬ್ಬ, ಆ ವರ್ಷ ನೈಜ..."

ಮಾತು ಅಲ್ಲಿಗೇ ಕಡಿದುಹೋಯಿತು.

ಅವರು ಜೀಪಿನ ಕಡೆ ತಿರುಗಿದರು. ನೈಜಲ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಕಲಸಿಟ್ಟು ಬೀಗ ಹಾಕ್ಕೊಂಡು ಮಂಗಳೂರಿಗೆ ಹೋಗಿದ್ದೆ ಡ್ಯಾಡಿ, ಫ್ರೆಂಡ್ ಮದುವೆ ಇತ್ತು," ಎಂದ ಮೆಲ್ಲಗೆ. "ಬರೋದ್ರೊಳಗೆ ಎಲ್ಲಾ ಕೆಟ್ಟುಹೋಗಿತ್ತು, ಸುರಿದುಬಿಟ್ಟೆ. ನಿಮಗೆ ಹೇಳೋಕೆ ಹೆದರಿಕೆ ಆಯ್ತು."

ಫಿಲಿಪ್ ಬೆರಳಿನ ನೀಲಿಯನ್ನು ಪ್ಯಾಂಟಿಗೆ ಒರೆಸಿಕೊಂಡರು. ನಾಚಿಕೆಯಿಂದ ಕಿವಿಗಳು ಬಿಸಿಯಾದವು. ಬಯ್ಯಲು ಬಾಯಿ ತೆರೆದರೆ ಬೈಗುಳ ಯಾರಿಗೆ ಸೇರಬೇಕೆಂಬುದೇ ತಿಳಿಯಲಿಲ್ಲ. ಭಾನುವಾರ ನೂರು ಜನ ಬರುತ್ತಾರೆ. ಅವರೆದುರು ಯಾವ ಬಾಯಲ್ಲಿ ಮಗನ ಹೆಸರು ಹೇಳುವುದು? ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ, ಅದೂ ಗೋಡೆಯ ಕಡೆ ಮುಖ ಮಾಡಿಕೊಂಡು.

"ಇದು... ಹೋಗೋದೇ ಇಲ್ವೇನಮ್ಮಾ?"

"ವಿನೆಗರ್ ಹಾಕಿ ಉಜ್ಜಿದ್ರೆ ಹೋಗ್ತದೆ ಸಾರ್. ನಿನ್ನೇನೇ ತೆಗೀಬೋದಿತ್ತು, ನೀವು ಇಳ್ದು ನೋಡೋಗಂಟ ಬುಟ್ಟಿದ್ದೆ," ಎಂದು ಮಾಸ್ಕ್ ತೆಗೆದಳು ವೀರಯ್ಯನ ಮಗಳು.