ಬ್ರದರ್ ಬೇರೆ, ತಮ್ಮ ಬೇರೆ

ಡಿಸೆಂಬರಿನ ಆ ಭಾನುವಾರ ಬೆಳಿಗ್ಗೆ ವಾಶಿಯ ಖಾಡಿಯ ಹಿನ್ನೀರಿನ ಮೇಲೆ ಮಂಜು ಎದ್ದಿತ್ತು. ತುರ್ಭೆಯ ಕಾರ್ಖಾನೆಗಳ ಹೊಗೆಯೂ ಅದರೊಳಗೆ ಸೇರಿಕೊಂಡು, ದೇವರು ಮಾಡಿದ್ದೆಷ್ಟು, ಮನುಷ್ಯ ಮಾಡಿದ್ದೆಷ್ಟು ಎಂದು ಹೇಳುವಂತಿರಲಿಲ್ಲ. ಒಬ್ಬರನ್ನೊಬ್ಬರು ಬ್ರದರ್ ಎಂದೇ ಕರೆದುಕೊಳ್ಳುವ ಫ್ರೀಮೇಸನ್ನರ ಸಂಘದ ಲಾಡ್ಜಿನ ಮೆಟ್ಟಿಲ ಮೇಲೆ ನಿಂತು ಅತಿಥಿಗಳ ಕೈ ಕುಲುಕುತ್ತಿದ್ದ ಪುಂಡರೀಕಾಕ್ಷ ರಾಯರಿಗೆ, ರಿಕ್ಷಾದಿಂದ ಇಳಿದ ಕರಿ ಸೂಟಿನ ಆಸಾಮಿ ತಮ್ಮ ಅನಂತರಾಮನೆಂದು ಗೊತ್ತಾದದ್ದು ಅವನು ಎದುರಿಗೆ ಬಂದು ಕೈ ಚಾಚಿದಾಗಲೇ. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

"ಕಲ್ಯಾಣದ ಲಾಡ್ಜಿಗೆ ಹೋದ ವರ್ಷ ಸೇರಿದೆ," ಎಂದ ಅನಂತರಾಮ. "ಇವತ್ತು ನೀನು ಇಲ್ಲಿ ಮಾಸ್ಟರ್ ಆಗ್ತೀಯಂತೆ. ನೋಡಿ ಹೋಗುವ ಅಂತ ಬಂದೆ."

ಲಾಡ್ಜಿನ ಮುಖ್ಯಸ್ಥನ ಕುರ್ಚಿ ಬಿಟ್ಟುಕೊಡಲಿದ್ದ ಹಳೆಯ ಮಾಸ್ಟರ್ ಜಯಂತ್, ಬೆಂಗಳೂರಿನಿಂದ ಬಂದ ಬ್ಯಾಂಕಿನ ಮನುಷ್ಯ, ಹಿಗ್ಗಿಹೋದ. "ಏನ್ ಸಾರ್, ಸ್ವಂತ ತಮ್ಮಾನೂ ಬ್ರದರ್ರಾ? ಡಬಲ್ ಬ್ರದರ್ಸ್! ಒಂದು ಮಾತು ಹೇಳ್ಲೇ ಇಲ್ವಲ್ಲ! ಬನ್ನಿ ಬನ್ನಿ, ಒಂದು ಫೋಟೋ." ಫೋಟೋಗೆ ಇಬ್ಬರೂ ಹಲ್ಲು ತೋರಿಸಿದರು. ಜಯಂತ್ ಒಳಗೆ ಓಡಿದ.

ಕೋಪರಖೈರಣೆಯಲ್ಲಿ ಉಡುಪಿ ಹೋಟೆಲು ನಡೆಸುವ ರಾಯರು ಈ ಕುರ್ಚಿಗಾಗಿ ಪಟ್ಟ ಪಾಡು ಸಣ್ಣದಲ್ಲ. "ಇವರು ಲಾಡ್ಜಿಗೆ ಹೋಗಿದ್ದಾರೆ" ಎಂದು ಹೆಂಡತಿ ರಮಾಮಣಿ ಹೇಳಿದಾಗಲೆಲ್ಲ ನೆಂಟರು ಮುಖ ಮುಖ ನೋಡಿಕೊಳ್ಳುತ್ತಿದ್ದರು, ಅದನ್ನೂ ಸಹಿಸಿದ್ದರು. ಉದ್ದುದ್ದದ ಇಂಗ್ಲಿಷ್ ವಿಧಿಗಳನ್ನು ಗಲ್ಲಾದಲ್ಲಿ ಕೂತು ಬಾಯಿಪಾಠ ಮಾಡಿದ್ದರು. ಸಪ್ಲೈಯರ್ ಲೋಟ ಒಡೆದರೆ ಹಿಂದೆ ಅವನ ವಂಶವನ್ನೇ ಜಾಲಾಡುತ್ತಿದ್ದವರು, ಈಗ ಕಣ್ಣು ಮುಚ್ಚಿ ಉಸಿರೆಳೆದು, "ಕೈಗೆ ತಾಗಲಿಲ್ಲವಷ್ಟೆ?" ಎನ್ನುತ್ತಿದ್ದರು. ತನ್ನನ್ನು ತಾನು ತಿದ್ದಿಕೊಳ್ಳುವುದೇ ಮೇಸನ್ನನ ಕಸುಬು ಎಂದು ನಂಬಿದವರು. ಹೊಸಬರಿಗೆ ಬಿಳಿ ಕುರಿಚರ್ಮದ ಏಪ್ರನ್ ಕಟ್ಟುವಾಗ ಹೇಳುವ ಒಂದು ಮಾತಂತೂ ರಾಯರ ಗಂಟಲಿನಲ್ಲಿಯೇ ಚೆಂದ ಎಂದು ಎಲ್ಲರೂ ಒಪ್ಪಿದ್ದರು: ಒಳಗಿರುವ ಯಾವ ಬ್ರದರ್ ಜೊತೆಗಾದರೂ ಮನಸ್ತಾಪವಿದ್ದರೆ ಇದನ್ನು ತೊಡಬೇಡ, ಅವನನ್ನು ಹೊರಗೆ ಕರೆದು, ಜಗಳ ತೀರಿಸಿಕೊಂಡು, ಆಮೇಲೆ ಬಾ.

ಅನಂತರಾಮ ಏಪ್ರನ್ನನ್ನು ಕೈಯಲ್ಲೇ ಹಿಡಿದು ನಿಂತಿದ್ದ. "ನಾನು ಒಳಗೆ ಬರಬಹುದಾ?"

"ಎಂತಕ್ಕೆ ಬರಬಾರದು?"

"ಆ ಮಾತು ಉಂಟಲ್ಲ, ಮನಸ್ತಾಪದ್ದು."

"ಅದು ಬ್ರದರ್‌ಗಳಿಗೆ ಮಾರಾಯ. ನೀನು ನನ್ನ ತಮ್ಮ ಅಲ್ವಾ!" ರಾಯರ ಬಾಯಿಯಿಂದ ಫಕ್ಕನೆ ಬಂದುಬಿಟ್ಟಿತು.

ಜಗಳ ಆಸ್ತಿಯದ್ದಲ್ಲ, ದೇವರದ್ದು. ಮನೆತನದ ಸಾಲಿಗ್ರಾಮ ಒಂದು ವರ್ಷ ಅಣ್ಣನಲ್ಲಿ, ಒಂದು ವರ್ಷ ತಮ್ಮನಲ್ಲಿ ಪೂಜೆಗೊಳ್ಳಲಿ ಎಂದು ಹೇಳಿ ಅಪ್ಪ ಕಣ್ಣು ಮುಚ್ಚಿದ್ದರು. ಒಂಬತ್ತು ವರ್ಷ ಕಳೆದರೂ ಅಣ್ಣನ ಆ ಮೊದಲ ವರ್ಷ ಇನ್ನೂ ಮುಗಿದಿರಲಿಲ್ಲ. ತಮ್ಮನ ಡೊಂಬಿವಲಿಯ ಹೋಟೆಲಿನಲ್ಲಿ ಪಾವ್‌ಭಾಜಿಗೆ ಈರುಳ್ಳಿ, ಬೆಳ್ಳುಳ್ಳಿ ಬೀಳುತ್ತದೆ. ಅಂಥವನ ಮನೆಗೆ ದೇವರನ್ನು ಕಳಿಸುವುದು ಹೇಗೆ ಎಂಬುದು ರಾಯರ ವಾದ.

"ನನ್ನ ಈರುಳ್ಳಿ ನಿನಗೆ ಮೈಲಿಗೆ," ಅನಂತರಾಮ ಅಣ್ಣನ ಸೊಂಟ ನೋಡುತ್ತ ಹೇಳಿದ. "ಕುರಿಯ ಚರ್ಮ ಕಟ್ಟಿಕೊಂಡಿದ್ದೀಯಲ್ಲ, ಅದೆಂತ?"

"ಅದು ಸಂಕೇತ."

"ಹಾಗಾದ್ರೆ ಪಾವ್‌ಭಾಜಿಯೂ ಸಂಕೇತ ಅಂತ ಇಟ್ಟುಕೋ. ಗಿರಾಕಿ ಕೇಳ್ತಾನೆ, ನಾನು ಮಾಡಿಸ್ತೇನೆ. ನನ್ನ ಮನೆ ಒಲೆಗೆ ಅದು ಬಂದದ್ದು ನೀನು ಕಂಡಿದ್ದೀಯಾ?" ಅನಂತರಾಮ ಏಪ್ರನ್ನನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. "ಹೋಗಲಿ. ಇವತ್ತು ನಿನ್ನ ದಿನ. ನೀನು ಒಳಗೆ ಹೋಗು. ನಾನು ಅಲ್ಲಿ ರಸ್ತೆ ಬದಿಯ ಟಪರಿಯಲ್ಲಿ ಒಂದು ಚಾ ಕುಡಿದು ಹೊರಡ್ತೇನೆ. ಯಾರಿಗೂ ಎಂತದೂ ಗೊತ್ತಾಗುದಿಲ್ಲ."

ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ನಿಜವೇ. ರಾಯರು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟರು. ಒಳಗೆ ಕುರ್ಚಿ ಕಾಯುತ್ತಿತ್ತು. ಅದರಲ್ಲಿ ಕೂತ ಮೇಲೆ ಆ ಚೆಂದದ ಮಾತನ್ನು ಮತ್ತೆ ಹೇಳಬೇಕಲ್ಲ! ಕೈ ತಾನಾಗಿ ಏಪ್ರನ್ನಿನ ಗಂಟಿಗೆ ಹೋಯಿತು. ಅದನ್ನು ಬಿಚ್ಚಿ, ಆಗಲೇ ಟಪರಿ ಸೇರಿದ್ದ ತಮ್ಮನತ್ತ ಮೆಟ್ಟಿಲಿಳಿದರು.

"ಸಾರ್, ಎಲ್ಲಿಗೆ?" ಜಯಂತ್ ಓಡಿಬಂದ. "ದೊಡ್ಡವರೆಲ್ಲ ಬಂದು ಕೂತಾಯ್ತು! ನೀವಿಲ್ದೇ ಇದ್ರೆ ಬೇರೆಯವರ ಹೆಸರು ತಗೋತಾರೆ, ಅಷ್ಟೆ."

"ತಗೊಳ್ಳಲಿ," ಎಂದರು ರಾಯರು. ಹಾಗೆಂದದ್ದು ಯಾರೆಂದು ಅವರಿಗೇ ಆಶ್ಚರ್ಯವಾಯಿತು. ಟಪರಿಯಿಂದ ತಮ್ಮನ ತೋಳು ಹಿಡಿದು ಎಳೆದು ರಿಕ್ಷಾ ಹತ್ತಿಸಿದರು.

ಇಬ್ಬರನ್ನೂ ಒಟ್ಟಿಗೆ ಮನೆ ಬಾಗಿಲಲ್ಲಿ ಕಂಡ ರಮಾಮಣಿ ಮೊದಲು ಹೆದರಿದಳು. ಸಂಗತಿ ಕೇಳಿದ ಮೇಲೆ ಮೈದುನನ ಕಡೆ ತಿರುಗಿದಳು. "ಒಂಬತ್ತು ವರ್ಷ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ನೋವು ಬಂತು ಅನಂತಾ. ಇಂಗ್ಲಿಷಿನಲ್ಲಿ ಹೇಳಬೇಕಿತ್ತು ಅಂತ ನನಗೆಂತ ಗೊತ್ತು!"

ಅಣ್ಣತಮ್ಮಂದಿರು ಸೂಟು ಕಳಚಿ, ಮಿಂದು, ಮಡಿಪಂಚೆ ಉಟ್ಟು ದೇವರಕೋಣೆಗೆ ಬಂದರು. ಹೊರಗೆ ಸೋಫಾದ ಮೇಲೆ ರಾಯರ ಫೋನು ಜಯಂತನ ಕರೆಗಳಿಗೆ ಬಡಿದುಕೊಳ್ಳುತ್ತಲೇ ಇತ್ತು. ರಾಯರು ಸಾಲಿಗ್ರಾಮದ ಸಂಪುಟವನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡರು. ಅಭಿಷೇಕಕ್ಕೆ ಎಂಥ ನೀರು, ನೈವೇದ್ಯಕ್ಕೆ ಏನು, ಮನೆಯಲ್ಲಿ ಯಾರ್‍ಯಾರು ಹೇಗೆ ಹೇಗೆ ಇರಬೇಕು ಎಂಬ ಉಪದೇಶವೆಲ್ಲ ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟನ್ನೂ ಒಂದೇ ಗುಟುಕಿಗೆ ನುಂಗಿ, ತಮ್ಮನ ಒದ್ದೆ ಬೊಗಸೆಯಲ್ಲಿ ಸಂಪುಟವನ್ನು ಮೆಲ್ಲಗೆ ಇಟ್ಟರು.