ಕೆಂಪು ತಾರೀಖು

"ಈ ಸಲ ಯಾವ ತಾರೀಖು ಸ್ವಾಮಿ?" ಅಚ್ಚುಮೊಳೆಗಳ ಮೇಲೆ ಚಿಮುಟವನ್ನು ಎತ್ತಿಹಿಡಿದು ವಹಾಬ್ ಕೇಳಿದ. ಮಳವಳ್ಳಿಯ ಅವನ ಪ್ರೆಸ್ಸಿನಲ್ಲಿ ಎಪ್ಪತ್ನಾಲ್ಕರ ನವೆಂಬರ್ ತಿಂಗಳು, ಕ್ಯಾಲೆಂಡರಿನಂಥ ಲಗ್ನಪತ್ರಿಕೆಯಾಗಿ, ಮುದ್ರಣಕ್ಕೆ ಸಿದ್ಧವಾಗಿತ್ತು. ನೆಂಟರು ಗೋಡೆಗೆ ತೂಗುಹಾಕಿಕೊಂಡು ಮದುವೆಯ ದಿನವನ್ನು ಮರೆಯದಿರಲೆಂದು ಅವನೇ ಹೂಡಿದ ಉಪಾಯವದು: ಎಲ್ಲ ದಿನಗಳೂ ಕಪ್ಪು, ಇಪ್ಪತ್ತೊಂದು ಮಾತ್ರ ಕೆಂಪು, ಕೆಳಗೆ ವಧೂವರರ ಹೆಸರು.

ಮದುವೆಯನ್ನು ಮುಂದೂಡಿ ಗಂಡಿನ ಮನೆಯವರು ಬರೆದ ಮೂರನೆಯ ಕಾಗದ ಹೆಣ್ಣಿನ ತಂದೆ ಪಾರ್ಥಸಾರಥಿಯವರಿಗೆ ಅಂದು ಬೆಳಿಗ್ಗೆ ತಲುಪಿತ್ತು. ಮೊದಲು ಸೂತಕ, ಆಮೇಲೆ ವರ್ಗಾವಣೆ. ಈಗ ಕಾರಣವನ್ನೇ ಬರೆದಿರಲಿಲ್ಲ. "ಪುಷ್ಯ ಕಳೀಲಿ ಅಂದಿದಾರಪ್ಪ," ಎಂದರು ಅವರು, ನೆಲ ನೋಡುತ್ತ.

"ಅಂದ್ರೆ ತಿಂಗಳನ್ನೇ ಕಿತ್ತು ಜೋಡಿಸ್ಬೇಕು. ನನ್ ಮೊಳೆ ಸವೆದೋದ್ವು ಸ್ವಾಮಿ, ನಿಮ್ ಬೀಗ್ರು ಮಾತ್ರ ಸವೀಲಿಲ್ಲ."

ತಂದೆಯ ಪಕ್ಕದಲ್ಲಿ ನಿಂತಿದ್ದ ಚೂಡಾಮಣಿ, ಕಿರುಗಾವಲು ಶಾಲೆಯ ಮೇಡಂ, ಕೈಚಾಚಿ ಚಿಮುಟವನ್ನು ತೆಗೆದುಕೊಂಡಳು. "ಗಂಡಿನ ಹೆಸರು ಯಾವ ಸಾಲಲ್ಲಿದೆ, ವಹಾಬಣ್ಣ?" ಅವನು ಬೆರಳಿಟ್ಟು ತೋರಿಸಿದ. ಅವಳು ಆ ಹೆಸರಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಅವನ ಅಂಗೈಗೆ ಹಾಕತೊಡಗಿದಳು. ಇಪ್ಪತ್ತೊಂದನ್ನು ಮುಟ್ಟಲಿಲ್ಲ.

"ಚೂಡಾ, ಮದುವೆಯೇ ಇಲ್ಲ ಅಂದ ಮೇಲೆ ಆ ದಿನ ಯಾತಕ್ಕಮ್ಮ?"

"ರಜಾ ಮಂಜೂರಾಗಿದೆ ಅಪ್ಪ. ಕಣ್ತುಂಬಾ ನಿದ್ದೆ ಮಾಡ್ತೀನಿ."

ಪಾರ್ಥಸಾರಥಿಯವರು ಅಲ್ಲಿದ್ದ ಕಾಗದದ ಕಟ್ಟಿನ ಮೇಲೆ ಕುಳಿತರು. ಮಗಳ ಹೆಸರೊಂದೇ ಉಳಿದಿದ್ದ ಆ ಸಾಲನ್ನು ಬಹಳ ಹೊತ್ತು ನೋಡಿದರು.

"ಒಂದೇ ಒಂದು ಪ್ರತಿ ಹಾಕಪ್ಪ, ವಹಾಬ್," ಎಂದರು ಕೊನೆಗೆ. "ಬೀಗರಿಗೆ ಕಳಿಸಿಬಿಡೋಣ."