ಹೊಸ ಆವೃತ್ತಿಗೆ ಜನ

ಮೇಜಿನ ಮೇಲೆ ಗೊಂಬೆ ಸೈನಿಕರನ್ನು ನಡೆಸುವ ಯುದ್ಧದಾಟವೊಂದನ್ನು ನಂಜರಾಜ ತಾನೇ ಕಟ್ಟಿದ್ದ. ನಿಯಮಗಳನ್ನು ತಿದ್ದಿ ಹೊಸ ಆವೃತ್ತಿ ತಂದಮೇಲೆ ಅವನ ಕ್ಲಬ್ಬಿಗೆ ಹಳಬರೂ ಬರುವುದನ್ನು ಬಿಟ್ಟರು. ಆ ಭಾನುವಾರವೂ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಇವತ್ತೂ ಯಾರೂ ಬರದಿದ್ದರೆ ಕ್ಲಬ್ಬನ್ನೇ ಮುಚ್ಚಬೇಕು. ಅವನು ಬಾಗಿಲಲ್ಲೇ ಕಾದು ನಿಂತ.

ಸೂಟ್‌ಕೇಸ್ ಹಿಡಿದ ಹೆಂಗಸೊಬ್ಬಳು ಮೆಟ್ಟಿಲೇರಿ ಬಂದಳು. ಅತ್ತೂ ಅತ್ತೂ ಅವಳ ಕಣ್ಣುಗಳು ಕೆಂಪಾಗಿದ್ದವು.

"ಹೊಸ ಆಟಕ್ಕೆ ಜನ ಬರ್ತಿದಾರಾ ಸಾರ್? ನಿಜ ಹೇಳಿ."

ಇವಳೂ ಹಿಂದಿರುಗಿಬಿಟ್ಟರೆ ಎಂದು ಅವನು ಒಳಗಿನ ಖಾಲಿ ಮೇಜುಗಳು ಕಾಣದಂತೆ ಬಾಗಿಲಿಗೆ ಅಡ್ಡ ನಿಂತ.

"ಏನು ಹೀಗೆ ಕೇಳ್ತೀರಿ ಮೇಡಂ! ಒಳಗೆ ಕಾಲಿಡೋಕೆ ಜಾಗ ಇಲ್ಲ. ನೀವೂ ಸೇರ್ಕೊಳ್ಳಿ."

"ಹಳಬರೂ ಬರ್ತಾರಾ?"

"ಎಲ್ಲರೂ ಬರ್ತಾರೆ. ಕೂತರೆ ಸಂಜೆವರೆಗೂ ಏಳಲ್ಲ."

ಅವಳು ಸೂಟ್‌ಕೇಸ್ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

"ಹಾಗಾದ್ರೆ ನಮ್ಮನೆಯವರು ಪ್ರತಿ ಭಾನುವಾರ ಇಲ್ಲಿಗೇ ಬರೋದು ನಿಜ. ನಾನು ಪಾಪಿ, ಸುಮ್ಮನೆ ಅನುಮಾನಪಟ್ಟು ತವರಿಗೆ ಹೊರಟುಬಿಟ್ಟಿದ್ದೆ. ಬಂದಿದ್ದೆ ಅಂತ ಅವರಿಗೆ ಹೇಳ್ಬೇಡಿ ಸಾರ್, ಮನೆಗೆ ವಾಪಸ್ ಹೋಗ್ತೀನಿ."